ಹೊಸ ಐಡಿಯಾದ ನಷ್ಟ ಯಾರ ತಲೆಗೆ?

ನಮ್ಮ ಕಾಸರಗೋಡು ಕಡೆ ಐಡಿಯಾಗಳಿಗೆ ಬರ ಇಲ್ಲ. ಬದಿಯಡ್ಕದಲ್ಲೋ ಪೆರ್ಲದಲ್ಲೋ ಬೆಳಗ್ಗೆ ಯಾವುದಾದರೂ ಹೋಟೆಲಿನಲ್ಲಿ ಚಾ ಕುಡಿಯುವಷ್ಟು ಹೊತ್ತು ಕೂತರೆ ಸಾಕು. ಅಡಿಕೆ ಒಣಗಿಸುವ ಹೊಸ ಗೂಡಿನ ಬಗ್ಗೆ ಒಬ್ಬರು ಹೇಳುತ್ತಾರೆ. ಕೊಕ್ಕೊ ಕಾಯಿಗೆ ಅಳಿಲು ಬಾರದ ಹಾಗೆ ಏನು ಕಟ್ಟಬಹುದು ಅಂತ ಇನ್ನೊಬ್ಬರು ವಿವರಿಸುತ್ತಾರೆ. ಹಲಸಿನ ಸೊಳೆ ಒಣಗಿಸಿ ಗಲ್ಫಿಗೆ ಕಳಿಸುವ ಲೆಕ್ಕ ಮತ್ತೊಬ್ಬರ ಬಾಯಲ್ಲಿ ಇರುತ್ತದೆ. ಮಾತು ಕನ್ನಡದಲ್ಲಿ ಶುರುವಾಗಿ ತುಳುವಿಗೆ ಹೋಗುತ್ತದೆ. ಮಧ್ಯೆ ಯಾರೋ ಮಲಯಾಳದಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ. ಉತ್ತರ ಮತ್ತೆ ಕನ್ನಡದಲ್ಲಿ ಬರುತ್ತದೆ.

ಮರುದಿನ ಮಾತ್ರ ಯಾರೂ ಏನೂ ಶುರು ಮಾಡುವುದಿಲ್ಲ. ಇದಕ್ಕೆ ಸೋಮಾರಿತನ ಕಾರಣ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಅಡಿಕೆ ಮರ ಏರಿ ಮದ್ದು ಬಿಡುವ ಊರಿನ ಜನರನ್ನು ಸೋಮಾರಿಗಳು ಅಂತ ಹೇಗೆ ಹೇಳುವುದು? ಐಡಿಯಾ ಕೈಕೊಟ್ಟರೆ ನಷ್ಟ ಯಾರ ತಲೆಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದೆ. ಹೇಳಿದವನ ತಲೆಗೇ ಬರುತ್ತದೆ. ಕೆಲಸದವನಾದರೆ ಬೈಗುಳ, ಕೃಷಿಕನಾದರೆ ಸಾಲ, ಮಗನಾದರೆ ಅಪ್ಪನ ಎದುರು ತಲೆ ತಗ್ಗಿಸುವ ಪರಿಸ್ಥಿತಿ. ಹಾಗಾಗಿ ಬುದ್ಧಿ ಇದ್ದವರು ಸುಮ್ನೆ ಇರುತ್ತಾರೆ.

ವ್ಯಾಪಾರದಲ್ಲಿ ಹೊಸತನ ಬರಬೇಕು, ಬದಲಾಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಸಭೆಗಳೂ ಆಗುತ್ತವೆ. ಅಲ್ಲಿ ನಷ್ಟದ ವಿಷಯ ಬರುವುದೇ ಇಲ್ಲ. ನಾನು ಕಾಸರಗೋಡಿನ ಈ ಗಡಿ ಭಾಗದಲ್ಲಿ ಕೃಷಿ ಉಪಕರಣಗಳ ಅಂಗಡಿ ನಡೆಸುತ್ತಿದ್ದೇನೆ. ಅಪ್ಪ ಶುರು ಮಾಡಿದ್ದು. ಜೊತೆಗೆ ಒಂದು ಸಣ್ಣ ರಿಪೇರಿ ಶೆಡ್ಡು ಇದೆ. ಇಷ್ಟು ವರ್ಷ ಇಲ್ಲಿ ಕೂತು ನೋಡಿದ ಮೇಲೆ ಒಂದು ವಿಷಯ ನನಗೆ ಖಚಿತವಾಗಿದೆ. ಪ್ರಯೋಗದ ನಷ್ಟವನ್ನು ಹೊರಲು ಮೊದಲೇ ಯಾರಾದರೂ ಒಪ್ಪಿಕೊಂಡಿದ್ದ ಕಡೆ ಮಾತ್ರ ಹೊಸದು ಹುಟ್ಟಿದೆ. ಉಳಿದ ಕಡೆ ಹೋಟೆಲಿನ ಚಾ ಜೊತೆಗೇ ಮುಗಿದಿದೆ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಪೆರ್ಲದಿಂದ ಗಡಿ ದಾಟಿದರೆ ಅಡ್ಯನಡ್ಕ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರ ಊರು ಅದು. 1970ರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದರು. ಬೆಲೆ ಹೇಳುವುದು ವ್ಯಾಪಾರಿ, ತೂಕ ಹೇಳುವುದೂ ವ್ಯಾಪಾರಿ. ಆಗ ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಈ ಸಹಕಾರಿ ಸಂಸ್ಥೆ ಶುರುವಾಯಿತು. ಗಡಿ ಬದಿಯ ನಮಗೆ ಇದು ಬಹಳ ದೊಡ್ಡ ವಿಷಯ. ರಾಜ್ಯ ಬೇರೆ ಆದರೂ ತೋಟ ಒಂದೇ ರೀತಿಯದ್ದು, ರೋಗ ಒಂದೇ, ಬೆಲೆ ಬಿದ್ದಾಗ ಬರುವ ಸಂಕಟವೂ ಒಂದೇ. ಕಡತಗಳಲ್ಲಿ ಎರಡಾಗಿದ್ದ ನಮ್ಮನ್ನು ಒಂದು ಮಾಡಿದ್ದು ಅಡಿಕೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಕೊಕ್ಕೊದ ಕಥೆ. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೊಕ್ಕೊ ನೆಡಿ ಅಂತ ಪ್ರಚಾರ ಜೋರಾಗಿತ್ತು. ಅಡಿಕೆ ಮರದ ನೆರಳು ಕೊಕ್ಕೊಗೆ ಹಿತ. ನೀರು ಹೇಗೂ ಅಡಿಕೆಗೆ ಹಾಕುತ್ತೇವೆ. ಗಿಡದಿಂದ ಉದುರಿದ ಎಲೆ ತೋಟಕ್ಕೇ ಗೊಬ್ಬರ. ತುಂಬಾ ಜನ ನೆಟ್ಟರು. 1980ರ ಹೊತ್ತಿಗೆ ಹೊರದೇಶದ ಪೇಟೆಯಲ್ಲಿ ಬೆಲೆ ಬಿತ್ತು. ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕೊಕ್ಕೊ ಹಸಿಬೀಜ ಅಡಿಕೆಯ ಹಾಗೆ ಅಟ್ಟದಲ್ಲಿ ಕಾದು ಕೂರುವ ವಸ್ತು ಅಲ್ಲ. ಕಾಯಿ ಒಡೆದ ಮೇಲೆ ಬೀಜವನ್ನು ಸುಮಾರು ಆರು ದಿನ ಹುದುಗು ಬರಿಸಿ, ಒಣಗಿಸಬೇಕು. ಇಲ್ಲದಿದ್ದರೆ ಕೊಳೆತು ಹೋಗುತ್ತದೆ. ಜನ ಗಿಡ ಕಡಿಯಲು ಶುರು ಮಾಡಿದರು.

ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಅಡಿಕೆಗೆಂದೇ ಹುಟ್ಟಿದ ಸಂಸ್ಥೆ, ತನಗೆ ಅನುಭವ ಇಲ್ಲದ ಬೆಳೆಗೆ, ಅದೂ ಬೆಲೆ ಬಿದ್ದಿರುವಾಗ. ಹಸಿಬೀಜ ಕೊಂಡಿತು, ಸಂಸ್ಕರಿಸಿತು, ಹೊರದೇಶಕ್ಕೆ ಮಾರಲು ದಾರಿ ಹುಡುಕಿತು. ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ತೆರೆಯಿತು. ಅಡಿಕೆ ಮೂಟೆ ತೂಗುತ್ತಿದ್ದವರು ಮಕ್ಕಳ ಕೈಗೆ ಚಾಕೊಲೇಟ್ ಕೊಟ್ಟರು. ಯೋಚಿಸಿ ನೋಡಿ, ಎಂಥ ಧೈರ್ಯ ಅದು! ಹಾಲು, ಸಕ್ಕರೆ, ಯಂತ್ರ, ಹೊದಿಕೆ, ದೇಶದ ಮೂಲೆ ಮೂಲೆಗೆ ಮಾರಾಟ, ಎಲ್ಲವೂ ಅವರಿಗೆ ಹೊಸದು.

ಈ ಕಥೆ ಹೇಳುವಾಗ ಸಾಮಾನ್ಯವಾಗಿ ಕಾರ್ಖಾನೆಯನ್ನು ಹೊಗಳುತ್ತಾರೆ. ನಾನು ಅದಕ್ಕೂ ಮೊದಲಿನ ಆ ಕೆಲವು ವರ್ಷಗಳನ್ನು ಹೊಗಳುತ್ತೇನೆ. ಗಿಡ ಕಡಿಯಲು ಹೊರಟ ಕೃಷಿಕನಿಗೆ "ಕಡಿಯಬೇಡಿ, ನಾವು ಕೊಳ್ಳುತ್ತೇವೆ" ಅಂತ ಹೇಳಿದ ವರ್ಷಗಳು ಅವು. ಹೊಸ ಬೆಳೆ ನೆಟ್ಟವನು ಒಬ್ಬನೇ ಸೋಲಬಾರದು ಅಂತ ಒಂದು ಸಂಸ್ಥೆ ತೀರ್ಮಾನ ಮಾಡಿತು. ಅದಾಗದಿದ್ದರೆ ಇಲ್ಲಿ ಕೊಕ್ಕೊ ಉಳಿಯುತ್ತಿರಲಿಲ್ಲ. ಇನ್ನೂ ಮುಖ್ಯವಾಗಿ, ಮುಂದೆ ಯಾವ ಹೊಸ ಬೆಳೆಯನ್ನೂ ಯಾರೂ ನಂಬುತ್ತಿರಲಿಲ್ಲ.

ನಮ್ಮದು ಅಷ್ಟು ದೊಡ್ಡ ಕಥೆ ಅಲ್ಲ. ಸಣ್ಣ ಅಂಗಡಿಯಲ್ಲಿಯೂ ಇದೇ ಪ್ರಶ್ನೆ ಹೇಗೆ ಬರುತ್ತದೆ ಅನ್ನುವುದಕ್ಕೆ ಮಾತ್ರ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ಅಂಗಡಿ ನಡೆಯುತ್ತಿದ್ದದ್ದು ಮಳೆಗಾಲದ ಮದ್ದಿನ ಮೇಲೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ. ಕೆಳಗೆ ಒಬ್ಬ ಕೈಪಂಪು ಒತ್ತುತ್ತಾನೆ. ಮೇಲೆ ಒಬ್ಬ ಕಾಲಿಗೆ ತಳೆ ಹಾಕಿ ಮರ ಏರಿ ಗೊನೆಗೆ ಮದ್ದು ಬಿಡುತ್ತಾನೆ. ಪಳಗಿದವನು ಇಳಿಯುವುದೇ ಇಲ್ಲ. ಮರವನ್ನು ಬಾಗಿಸಿ ಪಕ್ಕದ ಮರ ಹಿಡಿದುಕೊಂಡು ದಾಟುತ್ತಾನೆ. ಅಪ್ಪ ಪಂಪು ಮಾರುತ್ತಿದ್ದರು, ಪೈಪು ಮಾರುತ್ತಿದ್ದರು, ವಾಷರ್ ಹೋದರೆ ಕೂತಲ್ಲೇ ಹಾಕಿ ಕೊಡುತ್ತಿದ್ದರು. ಆಮೇಲೆ ಎಂಜಿನ್ ಪಂಪುಗಳು ಬಂದವು. ಅದನ್ನೂ ಮಾರಿದೆವು.

ನಂತರ ಪಂಪಿಗೆ ಗಿರಾಕಿ ಕಡಿಮೆ ಆಗತೊಡಗಿದರು. ಪಂಪಿನ ದೋಷ ಅಲ್ಲ, ಮರ ಏರುವವರು ಇಲ್ಲ. ಹಿರಿಯರಿಗೆ ವಯಸ್ಸಾಯಿತು. ಅವರ ಮಕ್ಕಳು ಮಂಗಳೂರಿಗೋ ಗಲ್ಫಿಗೋ ಹೋದರು. ಹೋಗಿದ್ದು ಸರಿಯೇ. ಮರದಿಂದ ಬಿದ್ದು ಸೊಂಟ ಮುರಿದವರ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಅಪ್ಪ ಏರಿದ ಮರವನ್ನು ಮಗನೂ ಏರಬೇಕು ಅಂತ ಯಾರು ಹೇಳಲಾದೀತು?

ಇದಕ್ಕೆ ಎಲ್ಲ ಕಡೆ ಪ್ರಯತ್ನಗಳು ನಡೆದವು. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಎಂ.ಜೆ. ಜೋಸೆಫ್ ಮಾಡಿದ ತೆಂಗಿನ ಮರ ಏರುವ ಯಂತ್ರ ಕೇರಳದಲ್ಲಿ ಮನೆಮಾತು. 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದಾಗ ಅದರ ವಿಡಿಯೋ ದೇಶವೆಲ್ಲ ಓಡಾಡಿತು. ಕ್ಯಾಂಪ್ಕೊ ಮತ್ತು ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸೇರಿ ವಿಟ್ಲದಲ್ಲಿ ಯುವಕರಿಗೆ ಮರ ಏರುವ ತರಬೇತಿಯನ್ನೂ ಕೊಟ್ಟವು. ಕೊನೆಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಗೊನೆ ಕೊಯ್ಯುವ ಉದ್ದ ಕೋಲು, ಬಂತು. ಹಗುರ. ಒಂದರೊಳಗೆ ಒಂದು ಜಾರುವ ಕೊಳವೆಗಳು. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ತುದಿಗೆ ಪೈಪು ಕಟ್ಟಿ ಮದ್ದೂ ಬಿಡಬಹುದು. ನಾವೂ ತರಿಸಿ ಅಂಗಡಿಯ ಎದುರು ನಿಲ್ಲಿಸಿದೆವು.

ಮಾರಾಟ ಆಯಿತು. ರಿಪೇರಿಗೂ ಬರತೊಡಗಿತು. ನಮ್ಮ ಶೆಡ್ಡಿನಲ್ಲಿ ಎಂಜಿನ್ ಬಿಚ್ಚುವ ಹುಡುಗನೊಬ್ಬ ಇದ್ದಾನೆ. ದೋಟಿ ತಂದವರ ಹತ್ತಿರ ಅವನು ಬರೀ ಏನು ಹಾಳಾಯಿತು ಅಂತ ಕೇಳುತ್ತಿರಲಿಲ್ಲ. ಎಷ್ಟು ದಿನ ಉಪಯೋಗಿಸಿದಿರಿ, ಯಾರು ಹಿಡಿದದ್ದು, ಎಲ್ಲಿ ನೋವು ಬಂತು ಅಂತ ಕೇಳುತ್ತಿದ್ದ. ಒಂದು ದಿನ ಅವನು ಹೇಳಿದ್ದು ಹೀಗೆ: "ಇವರಿಗೆ ದೋಟಿ ಬೇಡ. ದೋಟಿ ಹಿಡಿಯಲು ಬರುವವರು ಬೇಕು." ಸಣ್ಣ ತೋಟದವರು ಅಷ್ಟು ದುಡ್ಡು ಕೊಟ್ಟು ಕೊಂಡು, ಕತ್ತು ನೋವು ಬಂದು, ಮೂಲೆಯಲ್ಲಿ ಇಟ್ಟಿದ್ದಾರೆ. ಮಾರುವ ಬದಲು ನಾವೇ ಒಂದು ತಂಡ ಮಾಡಿ ತೋಟಕ್ಕೆ ಹೋಗೋಣ ಅನ್ನುವುದು ಅವನ ಮಾತು.

ಲೆಕ್ಕ ನೋಡಿದರೆ ಇದು ನಮ್ಮ ಮಾರಾಟಕ್ಕೆ ನಾವೇ ಕತ್ತರಿ ಹಾಕಿದ ಹಾಗೆ. ತಂಡ ಸಿಗುತ್ತದೆ ಅಂತಾದರೆ ದೋಟಿ ಯಾರು ಕೊಳ್ಳುತ್ತಾರೆ? ಮಳೆ ಬಂದ ದಿನ ತಂಡಕ್ಕೆ ಸಂಬಳ ಯಾರು ಕೊಡುವುದು? ಮನೆಯಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. ಅಂಗಡಿಯ ಲೆಕ್ಕ ನೋಡುವ ಅಕ್ಕ ಅವತ್ತು ಒಂದು ದಾರಿ ತೋರಿಸಿದರು. ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆದರು. ಮೇಲೆ "ಪ್ರಯೋಗ" ಅಂತ ಬರೆದರು. ಆ ಸೀಸನಿನ ಲಾಭದಲ್ಲಿ ಒಂದು ಪಾಲು ಆ ಪುಟಕ್ಕೆ ಹಾಕಿದರು. "ಈ ಹಣ ಹೋಯಿತು ಅಂತಲೇ ತಿಳಿಯಿರಿ. ತಿರುಗಿ ಬಂದರೆ ಒಳ್ಳೆಯದು. ಬರದಿದ್ದರೆ ಯಾರೂ ಯಾರಿಗೂ ಏನೂ ಹೇಳುವ ಹಾಗಿಲ್ಲ. ಮುಗಿದ ದಿನ ನಿಲ್ಲಿಸುವುದು" ಅಂದರು.

ಇಡೀ ವ್ಯಾಪಾರ ಜೀವನದಲ್ಲಿ ನಾನು ಕೇಳಿದ ಅತ್ಯಂತ ಉಪಯೋಗದ ಮಾತು ಇದು. ಆ ಪುಟ ಇರುವುದರಿಂದ ಹುಡುಗನ ಭಯ ಹೋಯಿತು. ನಮ್ಮ ಭಯವೂ ಹೋಯಿತು, ಯಾಕೆಂದರೆ ನಷ್ಟಕ್ಕೆ ಒಂದು ಮಿತಿ ಇತ್ತು. ಮಿತಿ ಇಲ್ಲದ ಧೈರ್ಯ ಮನೆ ಮುಳುಗಿಸುತ್ತದೆ. ಅದನ್ನೂ ಈ ಊರು ನೋಡಿದೆ.

ಮೊದಲ ಕೊಯ್ಲಿನಲ್ಲಿ ನಷ್ಟವೇ ಆಯಿತು. ದೋಟಿಯ ಜಾಯಿಂಟು ಮುರಿಯಿತು. ಬಲೆ ಹಿಡಿಯುವವರಿಗೂ ಕೊಯ್ಯುವವನಿಗೂ ಹೊಂದಾಣಿಕೆ ಬರಲು ದಿನ ಹಿಡಿಯಿತು. ಹಣ್ಣಾಗದ ಗೊನೆ ಕೊಯ್ದರು ಅಂತ ಒಂದು ತೋಟದವರಿಗೆ ಸಿಟ್ಟು ಬಂತು. ಎಲ್ಲ ಖರ್ಚೂ ಆ ಪುಟಕ್ಕೆ ಹೋಯಿತು. ಹುಡುಗನ ಸಂಬಳದಿಂದ ಒಂದು ರೂಪಾಯಿ ಕಡಿಯಲಿಲ್ಲ. ಅವನ ಬಗ್ಗೆ ಯಾರೂ ಕೊಂಕು ಆಡಲಿಲ್ಲ. ಅವನು ಅದರಿಂದಲೇ ಕಲಿತ. ಒಬ್ಬನೇ ಇಡೀ ದಿನ ಮೇಲೆ ನೋಡಿಕೊಂಡು ದೋಟಿ ಹಿಡಿದರೆ ಕತ್ತು ಹೋಗುತ್ತದೆ, ಆದ್ದರಿಂದ ಸರದಿ ಪ್ರಕಾರ ಹಿಡಿಯಬೇಕು ಅಂತ ನಿಯಮ ಮಾಡಿದ. ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ. ಹಾಗಾಗಿ ತೋಟದ ಮೇಲೆ ಅಥವಾ ಬದಿಯಲ್ಲಿ ಲೈನ್ ಹೋಗಿದ್ದರೆ ಆ ಸಾಲಿನ ಮರ ಮುಟ್ಟುವುದೇ ಇಲ್ಲ ಅನ್ನುವ ನಿಯಮವೂ ಅವನದ್ದೇ. ಎಷ್ಟು ಹಣ ಕೊಡುತ್ತೇನೆ ಅಂದರೂ ತಂಡ ಆ ಸಾಲಿಗೆ ಹೋಗುವುದಿಲ್ಲ. ಇದನ್ನು ಓದುವವರು ದೋಟಿ ಉಪಯೋಗಿಸುತ್ತಿದ್ದರೆ ದಯವಿಟ್ಟು ಈ ಒಂದು ವಿಷಯ ನೆನಪಿಡಿ.

ಈಗ ಕೊಯ್ಲಿನ ತಂಡ ಅಂಗಡಿಯ ಮುಖ್ಯ ಕೆಲಸಗಳಲ್ಲಿ ಒಂದು. ದೋಟಿ ಮಾರಾಟ ಪೂರ್ತಿ ನಿಂತೂ ಇಲ್ಲ. ತಂಡದ ಕೆಲಸ ನೋಡಿ ಕಲಿತು ಕೊಳ್ಳುವವರಿದ್ದಾರೆ.

ಇನ್ನೊಂದು ಪ್ರಸಂಗ 2020ರದ್ದು. ಆ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದರು. ಕಾಸರಗೋಡಿನವರಿಗೆ ಮಂಗಳೂರು ಅಂದರೆ ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲವೂ. ಅದು ಒಂದೇ ರಾತ್ರಿಯಲ್ಲಿ ದೂರವಾಯಿತು. ಆ ದಿನಗಳಲ್ಲಿ ಜನ ಪಟ್ಟ ಕಷ್ಟದ ಎದುರು ನಮ್ಮ ಅಂಗಡಿಯ ತೊಂದರೆ ಏನೂ ಅಲ್ಲ. ಆದರೂ ಮಳೆಗಾಲ ಹತ್ತಿರ ಬರುತ್ತಿತ್ತು, ಪಂಪಿನ ಬಿಡಿಭಾಗ ಬರುತ್ತಿರಲಿಲ್ಲ. ನೀರ್ಚಾಲು ಕಡೆಯಿಂದ ಬರುವ ನಮ್ಮ ಇನ್ನೊಬ್ಬ ಕೆಲಸಗಾರ ಹಳೆಯ ಕನ್ವೇಯರ್ ರಬ್ಬರ್ ಕತ್ತರಿಸಿ ವಾಷರ್ ಮಾಡಲು ನೋಡಿದ. ಒಂದು ಅಳತೆ ಸರಿಯಾಗಲಿಲ್ಲ, ಇನ್ನೊಂದು ಸರಿಯಾಯಿತು. ಕಂಪನಿ ವಾಷರ್‌ಗಿಂತ ಅದು ಜಾಸ್ತಿ ಬಾಳಿಕೆ ಬಂತು. ಇವತ್ತಿಗೂ ಗಿರಾಕಿಗಳು "ನೀರ್ಚಾಲು ವಾಷರ್ ಇದೆಯಾ?" ಅಂತಲೇ ಕೇಳುತ್ತಾರೆ. ಆ ಹೆಸರು ನಾವು ಬೇಕೆಂದೇ ಬಳಕೆಗೆ ತಂದದ್ದು. ಮಾಡಿದವನಿಗೆ ಹೆಸರು ಸೇರಬೇಕು. ಕೆಲಸದವರ ತಲೆಯಿಂದ ಬಂದದ್ದನ್ನು ಯಜಮಾನ ತನ್ನದು ಅಂತ ಹೇಳಿಕೊಂಡ ಅಂಗಡಿಗಳಲ್ಲಿ ಎರಡನೆಯ ಐಡಿಯಾ ಹುಟ್ಟುವುದೇ ಇಲ್ಲ.

ಹೊಸದನ್ನು ಶುರು ಮಾಡುವುದಕ್ಕಿಂತ ಹಳೆಯದನ್ನು ನಿಲ್ಲಿಸುವುದು ಕಷ್ಟ. ಅಪ್ಪನ ಕಾಲದ ಕೈಪಂಪುಗಳನ್ನು ತರಿಸುವುದನ್ನು ನಿಲ್ಲಿಸಿದೆವು. ಕಪಾಟಿನ ಆ ಜಾಗ ದೋಟಿಯ ಕತ್ತಿಗಳಿಗೆ ಹೋಯಿತು. ಆದರೆ ಹಳೆಯ ಪಂಪು ಇಟ್ಟುಕೊಂಡ ಅಜ್ಜಂದಿರು ಇನ್ನೂ ಇದ್ದಾರೆ. ಅವರಿಗೆ ಬೇಕಾದ ವಾಷರ್, ನೋಜಲ್ ಮಾತ್ರ ಒಂದು ಡಬ್ಬಿಯಲ್ಲಿ ಯಾವತ್ತೂ ಇರುತ್ತದೆ. ಬದಲಾಗುವ ಹೆಸರಿನಲ್ಲಿ ನಂಬಿದ ಗಿರಾಕಿಯನ್ನು ಬೀದಿಯಲ್ಲಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೂಡ್ಲಿನ ಸಿಪಿಸಿಆರ್‌ಐ ಬಗ್ಗೆ ಎರಡು ಮಾತು ಹೇಳಲೇಬೇಕು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಮೊದಲು ಮಡಕೆಯಲ್ಲಿ ಹಿಡಿಯುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಹುಳಿ ಬಂದು ಕಳ್ಳಾಗುತ್ತಿತ್ತು. ಹುಳಿಯಾಗದಿರಲಿ ಅಂತ ಮಡಕೆಗೆ ಸುಣ್ಣ ಸವರುತ್ತಿದ್ದರು. ಇಲ್ಲಿನ ವಿಜ್ಞಾನಿಗಳು ಹೊಂಬಾಳೆಯ ತುದಿಗೇ ಮಂಜುಗಡ್ಡೆ ತುಂಬಿದ ಮುಚ್ಚಿದ ಪೆಟ್ಟಿಗೆ ಕಟ್ಟಿದರು. ರಸ ತಣ್ಣಗೆ ಒಳಗೆ ಇಳಿಯುತ್ತದೆ, ಹುಳಿ ಬರುವುದಿಲ್ಲ, ಸುಣ್ಣ ಬೇಡ. ಅದಕ್ಕೆ ಕಲ್ಪರಸ ಅಂತ ಹೆಸರಿಟ್ಟರು. ಅದರಿಂದ ಸಕ್ಕರೆಯನ್ನೂ ಮಾಡಬಹುದು. ಎಷ್ಟು ಸರಳ ನೋಡಿ. ಮರದ ಕೆಳಗೆ ಫ್ರಿಜ್ ಇಡುವ ಬದಲು ಮರದ ಮೇಲೆಯೇ ತಂಪು ಕೊಟ್ಟರು. ಆ ಸಂಸ್ಥೆಯಲ್ಲಿ ಸೋತ ಪ್ರಯೋಗಕ್ಕೂ ಸಂಬಳ ನಿಲ್ಲುವುದಿಲ್ಲ. ಇಂಥದ್ದು ಅಲ್ಲಿ ಹುಟ್ಟಲು ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಹಾಳೆ ತಟ್ಟೆಯವರ ವಿಷಯ ಬೇರೆ. ಅವರ ಬಗ್ಗೆ ನನಗೆ ಬೇಸರವೂ ಇದೆ, ಗೌರವವೂ ಇದೆ. ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಭಾಗ, ನಮಗೆ ಹೊಸದಲ್ಲ. ಮುಟ್ಟಾಳೆ ಮಾಡಿ ತಲೆಗೆ ಇಟ್ಟೆವು, ಬೀಸಣಿಗೆ ಮಾಡಿದೆವು, ಮಗುವನ್ನು ಮಲಗಿಸಿ ಸ್ನಾನ ಮಾಡಿಸಿದೆವು, ಹಾಳೆ ಮೇಲೆ ಕೂತು ಎಳೆಸಿಕೊಂಡೆವು. ತೋಟದಲ್ಲಿ ತಾನಾಗಿಯೇ ಬೀಳುವ ಅದನ್ನು ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಬಣ್ಣ ಬೇಡ. ಕೇರಳದಲ್ಲಿ 2020ರ ಜನವರಿ 1ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿಷೇಧ ಬಂದಾಗ ತಟ್ಟೆ ಮಾಡುವವರ ಮುಖ ಅರಳಿತು. ಸಾಲ ಮಾಡಿ ಮೆಷಿನ್ ಹಾಕಿದವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸಲು ಒಪ್ಪಿಗೆ ಇಲ್ಲ ಎಂದಿತು. ಅಡಿಕೆ ಮರದಲ್ಲಿ ಸಹಜವಾಗಿ ಇರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಆತಂಕ. ಹೊರದೇಶದ ಆರ್ಡರ್ ನಂಬಿದವರಿಗೆ ಇದು ದೊಡ್ಡ ಪೆಟ್ಟು. ಇದನ್ನು ಬರೀ ವಿದೇಶಿಗಳ ಪಿತೂರಿ ಅಂತ ತಳ್ಳಿ ಹಾಕುವವರ ಜೊತೆ ನಾನು ಇಲ್ಲ. ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತಿನಲ್ಲಿ, ಏನು ಎಷ್ಟು ಇಳಿಯುತ್ತದೆ ಅನ್ನುವುದನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಹೇಳಬೇಕು. ಆದರೆ ಎರಡು ಮೆಷಿನ್ ಇಟ್ಟುಕೊಂಡ ಒಬ್ಬಾಕೆ ಆ ಪರೀಕ್ಷೆಯ ಖರ್ಚು ಹೊರಬೇಕಾ? ಹೊರಲು ಸಾಧ್ಯವಾ? ಅಂದು ಕೊಕ್ಕೊ ಬೆಳೆಗಾರನಿಗೆ ಹೆಗಲು ಕೊಟ್ಟ ಹಾಗೆ ಇವತ್ತು ಹಾಳೆ ತಟ್ಟೆಯವರಿಗೆ ಹೆಗಲು ಕೊಡುವ ಕೂಟ ಬೇಕು. ಸಹಕಾರಿ ಸಂಘಗಳು, ಎರಡೂ ರಾಜ್ಯಗಳ ಇಲಾಖೆಗಳು, ಸಂಶೋಧನಾ ಕೇಂದ್ರಗಳು ಒಟ್ಟಿಗೆ ಕೂರಲಿ. ಅಲ್ಲಿವರೆಗೆ ಕೆಲವರು ಹಾಳೆಯಲ್ಲಿ ಊಟಕ್ಕೆ ಸಂಬಂಧವೇ ಇಲ್ಲದ ವಸ್ತು ಮಾಡಿ ನೋಡುತ್ತಿದ್ದಾರೆ. ಗಿಡದ ಕುಂಡ, ಉಡುಗೊರೆ ಪೆಟ್ಟಿಗೆ, ಹೀಗೆ. ಅವರ ಹಠ ನೋಡಿದರೆ ಹೆಮ್ಮೆ ಆಗುತ್ತದೆ.

ಇನ್ನು ಅಡಿಕೆಯದ್ದೇ ಪ್ರಶ್ನೆ. ಇದನ್ನು ನಮ್ಮ ಊರಿನಲ್ಲಿ ಎತ್ತುವುದು ಸುಲಭ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ನನ್ನ ಮನೆಯ ಅನ್ನವೂ ಅಡಿಕೆಯಿಂದಲೇ ಬಂದದ್ದು, ಆದ್ದರಿಂದ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಬೆಳೆ, ಒಂದೇ ಉಪಯೋಗ ಅಂತ ಕೂರುವುದು ಅಪಾಯ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಇಲ್ಲಿ ಬೀಡಿಯ ಕಥೆ ನೆನಪಿಗೆ ಬರುತ್ತದೆ. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂತು. ಕೇರಳ ಅದನ್ನು ಜಾರಿಗೆ ತಂದಾಗ ಖಾಸಗಿ ಬೀಡಿ ಕಂಪನಿಗಳು ಇಲ್ಲಿನ ಶಾಖೆಗಳನ್ನು ಮುಚ್ಚಿ ಹೋದವು. ಸಾವಿರಾರು ಜನರ ಕೈಯಲ್ಲಿ ಕೆಲಸ ಇಲ್ಲ. ಅವರೇ ಸೇರಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲೂ ಅದರ ಸಂಘಗಳಿದ್ದವು. ಒಂದು ಕಾಲದಲ್ಲಿ ಅಲ್ಲಿ ಸುಮಾರು 42,000 ಜನ ದುಡಿಯುತ್ತಿದ್ದರು. ಬೀಡಿ ಸೇದುವವರು ಕಡಿಮೆ ಆಗುತ್ತಿದ್ದಂತೆ, 1990ರ ದಶಕದ ಕೊನೆಗೆ ಅವರು ಬೇರೆ ಕೆಲಸಕ್ಕೆ ಕೈ ಹಾಕಿದರು. ಮಸಾಲೆ ಪುಡಿ, ಉಪ್ಪಿನಕಾಯಿ, ತೆಂಗಿನ ಹಾಲು, ಕೊಡೆ, ಬಟ್ಟೆ, ಕೊನೆಗೆ ಸಾಫ್ಟ್‌ವೇರ್ ಕೂಡ. ಬೀಡಿ ಕಟ್ಟಿದ ಕೈಗಳು ಕೊಡೆ ಹೊಲಿದವು. ಹಳೆಯ ಸಂಖ್ಯೆಯ ಕೆಲಸಗಾರರು ಈಗ ಇಲ್ಲ, ಇರಲು ಸಾಧ್ಯವೂ ಇಲ್ಲ. ಆದರೂ ತಮ್ಮದೇ ವಸ್ತುವಿಗೆ ಭವಿಷ್ಯ ಇಲ್ಲ ಅಂತ ತಿಳಿದ ಮೇಲೆ ಕಾರ್ಮಿಕರೇ ಕೂತು ಬೇರೆ ದಾರಿ ಹುಡುಕಿದ್ದು ಸಣ್ಣ ಮಾತಲ್ಲ.

ನಮ್ಮ ಅಡಿಕೆಯವರಿಗೆ ಈಗ ಬೆಲೆ ಇದೆ. 2020ರ ಲಾಕ್‌ಡೌನ್ ನಂತರ ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 400 ರೂಪಾಯಿ ದಾಟಿತು, ಆಮೇಲೆ ಇನ್ನೂ ಏರಿತು. ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಸಂತೋಷ. ಬೆಲೆ ಚೆನ್ನಾಗಿರುವಾಗ "ಬೇರೆ ಏನಾದರೂ ನೋಡೋಣ" ಅಂದರೆ ಯಾರಿಗೂ ಕೇಳುವ ಮನಸ್ಸಿಲ್ಲ. ಬೆಲೆ ಬಿದ್ದ ಮೇಲೆ ಕೇಳುವ ಮನಸ್ಸು ಬರುತ್ತದೆ, ಆಗ ಪ್ರಯೋಗಕ್ಕೆ ಹಣ ಇರುವುದಿಲ್ಲ. ಅಕ್ಕನ ಆ ಪುಟವನ್ನು ಲಾಭದ ವರ್ಷದಲ್ಲೇ ತೆರೆಯಬೇಕಾಗುತ್ತದೆ. ಇದು ನಮ್ಮ ಅಂಗಡಿಗೆ ಹೇಗೋ ಹಾಗೆ ಪ್ರತಿ ತೋಟಕ್ಕೂ, ಪ್ರತಿ ಸಹಕಾರಿ ಸಂಘಕ್ಕೂ ಅನ್ವಯ ಅಂತ ನಾನು ನಂಬಿದ್ದೇನೆ. ತೋಟದಲ್ಲಿ ಕಾಳುಮೆಣಸು ಇದೆ, ಕೊಕ್ಕೊ ಇದೆ, ಬದಿಯಲ್ಲಿ ಹಲಸು ಇದೆ. 2021ರ ಲಾಕ್‌ಡೌನಿನಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ ಅದನ್ನು ಒಣಗಿಸಿ ಹುಡಿ ಮಾಡುವ ಬಾಕಾಹು ಪ್ರಯೋಗ ಎಷ್ಟು ಮನೆಗಳಿಗೆ ಹೋಯಿತು! ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆ ಅದನ್ನು ಊರೂರಿಗೆ ತಲುಪಿಸಿತು. ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸುವುದು ಅದರ ಕ್ರಮ. ಒಬ್ಬರ ಅಡುಗೆಮನೆಯಲ್ಲಿ ಸರಿಯಾಗದ್ದು ಇನ್ನೊಬ್ಬರಿಗೆ ಮೊದಲೇ ತಿಳಿದರೆ ಅಷ್ಟು ನಷ್ಟ ಉಳಿಯಿತು, ಅಲ್ವಾ?

ಈ ಸಲ ನಮ್ಮ ಪ್ರಯೋಗದ ಪುಟದಲ್ಲಿ ಇರುವುದು ಒಣಗಿಸುವ ಗೂಡು. ಚಾಲಿ ಅಡಿಕೆ ಅಂಗಳದಲ್ಲಿ ಒಣಗಲು ಒಂದು ತಿಂಗಳಿಗಿಂತ ಜಾಸ್ತಿ ಬಿಸಿಲು ಬೇಕು. ಈಗೀಗ ನವೆಂಬರ್, ಡಿಸೆಂಬರ್‌ನಲ್ಲೂ ಮಳೆ ಬರುತ್ತದೆ. ಅಡಿಕೆ ಒದ್ದೆಯಾದರೆ ಬಣ್ಣ ಹೋಗಿ ದರ ಇಳಿಯುತ್ತದೆ. ಪಾಲಿ ಶೀಟಿನ ಗೂಡು ಕಟ್ಟಿಸಿಕೊಳ್ಳಲು ದೊಡ್ಡ ತೋಟದವರಿಗೆ ಆಗುತ್ತದೆ, ಸಣ್ಣವರಿಗೆ ಆಗುವುದಿಲ್ಲ. ಬಿಚ್ಚಿ ಪಿಕಪ್‌ನಲ್ಲಿ ಸಾಗಿಸಿ, ಇನ್ನೊಬ್ಬರ ಅಂಗಳದಲ್ಲಿ ಜೋಡಿಸಿ, ಬಾಡಿಗೆಗೆ ಕೊಡುವ ಗೂಡು ಮಾಡೋಣ ಅಂತ ಶೆಡ್ಡಿನವರು ಹೊರಟಿದ್ದಾರೆ. ಪೈಪಿನ ಜೋಡಣೆ ಮುಗಿದಿದೆ. ಗಾಳಿ ಜೋರಾದರೆ ಶೀಟು ಹರಿಯದಂತೆ ಕಟ್ಟುವುದು ಹೇಗೆ, ರಾತ್ರಿ ಒಳಗೆ ನೀರು ಬೆವರಿದರೆ ಏನು ಮಾಡುವುದು, ಈ ಎರಡು ವಿಷಯ ಇನ್ನೂ ಸರಿಯಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಮುಳ್ಳೇರಿಯ ಕಡೆಯವರು ಯಾರಾದರೂ ಇಂಥ ಗೂಡಿನಲ್ಲಿ ಅಡಿಕೆ ಒಣಗಿಸಿದ್ದರೆ ಏನು ತೊಂದರೆ ಬಂತು ಅಂತ ತಿಳಿಸಿ. ಯಶಸ್ಸಾದದ್ದಕ್ಕಿಂತ ಹಾಳಾದದ್ದನ್ನು ಮೊದಲು ಹೇಳಿ. ಶೆಡ್ಡಿನ ಹುಡುಗರು ನಿಮ್ಮಲ್ಲಿಗೇ ಬಂದು ನೋಡಿಕೊಂಡು ಹೋಗುತ್ತಾರೆ. ಓಡಾಟದ ಖರ್ಚು ಪ್ರಯೋಗದ ಪುಟದಲ್ಲೇ ಬರೆಯಿರಿ ಅಂತ ಅಕ್ಕ ಹೇಳಿಯಾಗಿದೆ.